ಗೋಧಿಯನ್ನು ಬೇಡದ ಊಟ

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿ, ಹಳೆಯ ಗೋರಿಗಳ ಗುಮ್ಮಟಗಳನ್ನು ಮಗ್ಗುಲಲ್ಲಿ ಇರಿಸಿಕೊಂಡಿರುವ ಕಡ್ಡಿರಾಂಪುರವು ವಿಜಯನಗರವೆಂಬ ಮಹಾಪಟ್ಟಣದ ಪರಿಸರಕ್ಕೆ ಸೇರಿದ ಗ್ರಾಮ. 2011ರಲ್ಲಿ ವಿರೂಪಾಕ್ಷ ದೇವಾಲಯದ ಮುಂದಣ ಬೀದಿಯ ಸಾಲುಮಂಟಪಗಳಿಂದ ಮನೆ ಅಂಗಡಿಗಳನ್ನು ತೆರವುಗೊಳಿಸಿದಾಗ, ನೆಲೆ ತಪ್ಪಿದ ಕುಟುಂಬಗಳಿಗೆ ನಿವೇಶನಗಳನ್ನು ಗೊತ್ತುಮಾಡಿದುದು ಈ ಊರಿನ ಬಳಿಯಲ್ಲಿಯೇ. ಇಂದು ಹಂಪೆಯ ಸುತ್ತಲಿನ ಹೋಟೆಲುಗಳಿಗೆ ಬರುವ ಪ್ರವಾಸಿಗರಲ್ಲಿ ಗ್ಲೂಟೆನ್, ಅಂದರೆ ಗೋಧಿಯಲ್ಲಿರುವ ಅಂಟು ಪ್ರೋಟೀನು, ಇಲ್ಲದ ಆಹಾರವುಂಟೆ ಎಂದು ವಿಚಾರಿಸುವವರು ಇದ್ದಾರೆ. ಅವರ ಪ್ರಶ್ನೆಗೆ ಈ ನೆಲವು ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದೆ.

ಕೃಷ್ಣದೇವರಾಯನು ಆಳುತ್ತಿದ್ದ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರ ಪಟ್ಟಣವನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು ಪೇಟೆಯಲ್ಲಿ ರಾಶಿ ಬಿದ್ದಿದ್ದ ಅಕ್ಕಿ, ಜೋಳ, ಹೆಸರು, ಹುರುಳಿ ಮೊದಲಾದ ಧಾನ್ಯಗಳನ್ನು ಹೆಸರಿಸಿ, ಅವು ಸಾಮಾನ್ಯ ಜನರ ಆಹಾರವೆಂದೂ ಬಲು ಅಗ್ಗವೆಂದೂ ಹೇಳಿ, ಗೋಧಿಯು ಮಾತ್ರ ಅಷ್ಟಾಗಿ ದೊರೆಯದೆಂದೂ ಮುಸಲ್ಮಾನರ ಹೊರತು ಅದನ್ನು ಉಣ್ಣುವವರಿಲ್ಲವೆಂದೂ ಬರೆದಿಟ್ಟಿದ್ದಾನೆ. ಜಗತ್ತಿನಲ್ಲಿಯೇ ಇಷ್ಟು ಸಮೃದ್ಧವಾಗಿ ಆಹಾರ ಒದಗಿದ ನಗರ ಬೇರೊಂದಿಲ್ಲವೆಂದು ಅವನು ಕೊಂಡಾಡಿದುದು, ಗೋಧಿಯು ಬಹುಜನರ ತಟ್ಟೆಗೆ ಬಾರದಿದ್ದ ಈ ನಗರವನ್ನೇ! ಹಂಪೆಯಲ್ಲಿ ಜನರು ಭೋಜನಶಾಲೆಯೆಂದು ಕರೆಯುವ ಎಡೆಯಲ್ಲಿ ನೀರಿನ ಕಾಲುವೆಯ ಇಕ್ಕೆಲಗಳಲ್ಲಿ ಸಾಲಾಗಿ ಕೂರಿಸಿದ ಕಲ್ಲಿನ ತಟ್ಟೆಗಳಿವೆ. ಅನ್ನಕ್ಕೊಂದು ಅಗಲವಾದ ತಗ್ಗು, ಪಲ್ಯ ಸಾರುಗಳಿಗೆ ಬಟ್ಟಲಿನಂತಹ ಸಣ್ಣ ಗುಳಿಗಳು. ಅವುಗಳ ಮುಂದೆ ನಿಂತಾಗಲೆಲ್ಲ ನನಗೆ ಅರಮನೆಯ ವೈಭವಕ್ಕಿಂತ ಪಂಕ್ತಿಯಲ್ಲಿ ಕುಳಿತವರ ಹಸಿವೇ ಹೆಚ್ಚು ಸಮೀಪವೆನಿಸುತ್ತದೆ.

ರಾಯರ ಕಾಲುವೆಗಳ ನೀರುಂಡ ಗದ್ದೆಗಳಲ್ಲಿ ಭತ್ತ, ಅದರಾಚೆಯ ಎರೆಯ ಹೊಲಗಳಲ್ಲಿ ಜೋಳ, ಮಸಾರಿಯಲ್ಲಿ ನವಣೆ ಸಜ್ಜೆಗಳು, ಹೀಗೆ ಈ ಸೀಮೆಯ ಬೇಸಾಯವು ಬಹುಕಾಲ ನಡೆಯಿತು. 1904ರಲ್ಲಿ ಬಳ್ಳಾರಿ ಜಿಲ್ಲೆಯ ಗ್ಯಾಸೆಟಿಯರನ್ನು ಬರೆದ ಡಬ್ಲ್ಯು. ಫ್ರಾನ್ಸಿಸ್ ಕೂಡ ಜೋಳ ಮತ್ತು ನವಣೆಗಳನ್ನೇ ಇಲ್ಲಿನವರ ಮುಖ್ಯಾಹಾರವೆಂದು ಗುರುತಿಸಿದನು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ಹರಿದ ಬಳಿಕ ಅನ್ನದ ಪಾಲು ಹೆಚ್ಚಿ ಜೋಳದ ಹೊಲಗಳು ಕಿರಿದಾದವಾದರೂ, ರೊಟ್ಟಿಯ ರುಚಿ ಜನರ ನಾಲಗೆಯಿಂದ ಅಳಿಯಲಿಲ್ಲ.

ಈ ರೊಟ್ಟಿಯ ಹಿಂದಿರುವ ವಿದ್ಯೆಯನ್ನು ಕುರಿತು ತುಸು ವಿವರವಾಗಿ ಹೇಳದಿದ್ದರೆ ನಮ್ಮ ತಾಯಂದಿರಿಗೆ ಅನ್ಯಾಯವಾದೀತು. ಗೋಧಿಯ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಅದರ ಗ್ಲೂಟೆನ್ ಎಳೆಯೆಳೆಯಾಗಿ ಹೆಣೆದುಕೊಂಡು ಕಣಕವನ್ನು ಹಿಡಿದಿಡುತ್ತದೆ. ಜೋಳಕ್ಕೆ ಆ ಗುಣವಿಲ್ಲ. ಆದುದರಿಂದ ಎಸರು ಕುದಿಸಿ, ಹಿಟ್ಟಿನ ನಡುವೆ ಗುಳಿ ಮಾಡಿ, ಬಿಸಿನೀರನ್ನು ಸುರಿದು, ಪಿಷ್ಟವು ಬೆಂದು ಜಿಗುಟಾದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಒಣಹಿಟ್ಟು ಉದುರಿಸಿದ ಹಲಗೆಯ ಮೇಲೆ ತಿರುಗಿಸುತ್ತ ಬಡಿದು, ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆಬಟ್ಟೆಯಿಂದ ನೀರು ಸವರಿ, ಮಗುಚಿ, ಉರಿಗೆ ಒಡ್ಡಿದಾಗ ರೊಟ್ಟಿಯು ಪೂರ್ಣವಾಗಿ ಉಬ್ಬುತ್ತದೆ. ಗ್ಲೂಟೆನ್ ಕರುಳಿಗೆ ಒಗ್ಗದ ಸೀಲಿಯಾಕ್ ರೋಗದ ಮಕ್ಕಳಿಗೆ ಗೋಧಿಯೇ ಬಾಧಕವೆಂದು ಹಾಲೆಂಡಿನ ವೈದ್ಯ ವಿಲ್ಲೆಮ್ ಡಿಕ್ಕೆಯು ತನ್ನ ಪ್ರಬಂಧದಲ್ಲಿ ಪ್ರತಿಪಾದಿಸಿದುದು 1950ರಲ್ಲಿ. ಗ್ಲೂಟೆನ್ ಇಲ್ಲದ ಹಿಟ್ಟಿನಿಂದ ರೊಟ್ಟಿ ಮಾಡುವ ಬಗೆಯನ್ನು ನಮ್ಮ ಹೆಂಗಸರು ಅದಕ್ಕೆ ಎಷ್ಟೋ ತಲೆಮಾರುಗಳ ಮುಂಚೆಯೇ ಸಾಧಿಸಿದ್ದರು.

ಈ ಮನೆಯ ಊಟವನ್ನು ಪೇಟೆಗೆ ತಂದುದು ಖಾನಾವಳಿ. ಸಂತೆಗೆ, ಕಚೇರಿಗೆ, ಆಸ್ಪತ್ರೆಗೆಂದು ಬಂದವರಿಗೆ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಮೊಸರುಗಳನ್ನು ಬಡಿಸಿ, ಸಾಕೆನ್ನುವವರೆಗೂ ಬಡಿಸುತ್ತಲೇ ಇರುವ ಉಪಚಾರ ಅಲ್ಲಿಯದು. ಬೆಳಗಿನ ಹೊತ್ತು ಹೊಸಪೇಟೆಯಲ್ಲಿ ಒಗ್ಗರಣೆ ಮಿರ್ಚಿಯೇ ಪ್ರಿಯ: ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ ಮೆಣಸಿನಕಾಯಿಗಳ ಒಗ್ಗರಣೆ, ಮೇಲೆ ಹುರಿಗಡಲೆಯ ಪುಡಿ, ಪಕ್ಕದಲ್ಲಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬಿಸಿ ಮಿರ್ಚಿ. ಇಲ್ಲಿಯೂ ಗೋಧಿಯ ಹಂಗಿಲ್ಲ.

ಆದರೆ ಮೈಮರೆಯುವಂತಿಲ್ಲ. ಬೇಗ ಲಟ್ಟಿಸಲು ಅನುಕೂಲವೆಂದು ಜೋಳದ ಹಿಟ್ಟಿಗೆ ಗೋಧಿಹಿಟ್ಟನ್ನು ಬೆರೆಸುವ ರೂಢಿ ಕೆಲವೆಡೆ ಬಂದಿದೆ. ಅಂಗಡಿಯ ಇಂಗಿನಲ್ಲಿ ಬಹುಮಟ್ಟಿಗೆ ಗೋಧಿ ಅಥವಾ ಮೈದಾ ಬೆರೆತಿರುತ್ತದೆ. ಚಪಾತಿ ಬೇಯಿಸಿದ ಹಂಚು, ಪೂರಿ ಕರಿದ ಎಣ್ಣೆ ಇವೂ ಸೀಲಿಯಾಕ್ ರೋಗಿಗೆ ಅಪಾಯಕರ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳಿಗೆ ಮೀಸಲಿಟ್ಟಿತು. ಅದರಿಂದ ಜೋಳ ನವಣೆಗಳ ಕೀರ್ತಿ ಹೆಚ್ಚಿತು; ಆ ಕೀರ್ತಿ ನಿಲ್ಲುವುದು ಇಂತಹ ಎಚ್ಚರಿಕೆಯಿಂದಲೇ. ಕಡ್ಡಿರಾಂಪುರ, ಹೊಸಪೇಟೆ, ಕಮಲಾಪುರಗಳ ಹೋಟೆಲಿನ ಯಜಮಾನರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ರೊಟ್ಟಿಗೆ ಬೇರೆಯೇ ಒಂದು ಹಂಚನ್ನಿಡಿ, ಹಿಟ್ಟನ್ನು ಬೆರಕೆ ಮಾಡದಿರಿ, ಬೆರೆಸಿದ್ದರೆ ಉಣ್ಣುವವರಿಗೆ ಮುಂಚಿತವಾಗಿ ತಿಳಿಸಿರಿ.