ಹಂಪಿ ಬಜಾರಿನ ಚಿತ್ರಗಳು ಮತ್ತು ಗಣಕದ ತೇಪೆ

ಹಂಪಿಯ ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿಯನ್ನು ಜನ ಹಂಪಿ ಬಜಾರ್ ಎನ್ನುತ್ತಾರೆ. ಅದರ ಇಕ್ಕೆಲದ ಕಲ್ಲಿನ ಸಾಲುಮಂಟಪಗಳಲ್ಲಿ ಒಂದು ಕಾಲಕ್ಕೆ ಹೂ-ಹಣ್ಣಿನ, ಚಹಾದ, ಪುಸ್ತಕದ ಅಂಗಡಿಗಳಿದ್ದವು; ಸಂಸಾರಗಳೂ ಇದ್ದವು. 2011ರ ಜುಲೈ ಕೊನೆಯಲ್ಲಿ ಸ್ಮಾರಕಗಳ ರಕ್ಷಣೆಗೆಂದು ಅವನ್ನೆಲ್ಲ ತೆರವುಗೊಳಿಸಲಾಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆ ಬೀದಿಯ ಬದುಕು ಈಗ ಉಳಿದಿರುವುದು ಅಲ್ಲಿದ್ದವರ ನೆನಪಿನಲ್ಲಿ ಮತ್ತು ಯಾರೋ ತೆಗೆದಿಟ್ಟ ಚಿತ್ರಗಳಲ್ಲಿ ಮಾತ್ರ.

ಅಂಥ ಚಿತ್ರಗಳನ್ನು ನಾವು ಕೆಲವು ಗೆಳೆಯರು ಕೂಡಿ ಸಂಗ್ರಹಿಸಿದ್ದೆವು. ಹೊಸಪೇಟೆಯ ಒಂದು ಗಣಕದಲ್ಲಿ ಹಾಕಿ, ಅಂತರಜಾಲದ ಉಗ್ರಾಣಕ್ಕೆ, ಅಂದರೆ ಈಗಿನವರು ಕ್ಲೌಡ್ ಎನ್ನುವಲ್ಲಿಗೆ ಜೋಡಿಸಿದ್ದೆವು. ಮೂರು ಮನೆಗಳ ಗಣಕಗಳಲ್ಲೂ ಅವೇ ಚಿತ್ರಗಳು ಕಾಣುತ್ತಿದ್ದುದರಿಂದ ಮೂರು ಪ್ರತಿಗಳಿವೆ ಎಂದು ನಿಶ್ಚಿಂತರಾಗಿದ್ದೆವು. ಒಬ್ಬರು ಜಾಗ ಸಾಲದೆಂದು ತಮ್ಮ ಗಣಕದಲ್ಲಿ ಆ ಕಡತವನ್ನು ಅಳಿಸಿದರು. ಮೂರೂ ಕಡೆ ಅಳಿಸಿಹೋಯಿತು! ಇಂಥ ಉಗ್ರಾಣದ ಕಸದಬುಟ್ಟಿ ಅಳಿಸಿದ್ದನ್ನು ಸಾಮಾನ್ಯವಾಗಿ ಮೂವತ್ತು ದಿನ ಇಟ್ಟುಕೊಳ್ಳುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ಆ ಗಡುವು ಮೀರಿತ್ತು. ಅಂಗಡಿಗಳೇ ಇಲ್ಲದ ಬೀದಿಯ ಚಿತ್ರವನ್ನು ಮತ್ತೆ ತೆಗೆಯುವುದೆಲ್ಲಿಂದ?

ಗಣಕದ ರಕ್ಷಣೆ ಎಂಬುದರ ಇತಿಹಾಸವನ್ನು ನಾವು ಕೆದಕಿದ್ದು ಈ ನಷ್ಟದ ನಂತರ. ತಂತ್ರಾಂಶದ ದೋಷ ಸರಿಪಡಿಸುವುದಕ್ಕೆ ಇಂಗ್ಲಿಷಿನವರು ಪ್ಯಾಚ್, ಅಂದರೆ ತೇಪೆ ಎಂಬ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಮೊದಮೊದಲ ಗಣಕಗಳಿಗೆ ಆಜ್ಞೆಗಳನ್ನು ತೂತು ಹೊಡೆದ ಕಾರ್ಡು ಮತ್ತು ಕಾಗದದ ಪಟ್ಟಿಗಳ ಮೂಲಕ ಕೊಡುತ್ತಿದ್ದರು. ತಪ್ಪು ತೂತು ಬಿದ್ದರೆ ಅದರ ಮೇಲೆ ನಿಜವಾಗಿಯೂ ಕಾಗದದ ತುಂಡು ಅಂಟಿಸುತ್ತಿದ್ದರು.

ಮುಂದೆ ಈ ತೂತುಗಳೇ ಕಳ್ಳಗಂಡಿಗಳಾದವು. 2003ರ ಜುಲೈ 16ರಂದು ಮೈಕ್ರೋಸಾಫ್ಟ್ ಒಂದು ದೋಷಕ್ಕೆ ತೇಪೆ ಕೊಟ್ಟಿತು. ಹಾಕಿಕೊಳ್ಳದವರ ಗಣಕಗಳಿಗೆ ಆಗಸ್ಟ್ 11ರಿಂದ ಬ್ಲಾಸ್ಟರ್ ಎಂಬ ಹುಳು ನುಗ್ಗಿತು. ಅದೇ ವರ್ಷದ ಅಕ್ಟೋಬರಿನಿಂದ ಆ ಸಂಸ್ಥೆ ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆ ನೀಡುವ ಪದ್ಧತಿ ಆರಂಭಿಸಿತು.

ನಮ್ಮ ಕಡೆಯ ಸ್ಥಿತಿ ಬೇರೆಯಾಗಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ತೇಪೆಗಳು ನಿಂತವು. ಆದರೂ ನಮ್ಮ ಊರುಗಳ ಅನೇಕ ಡಿಟಿಪಿ ಅಂಗಡಿಗಳಲ್ಲಿ ಅದೇ ಮುಂದುವರಿಯಿತು. ಸೋಮಾರಿತನ ಇದಕ್ಕೆ ಕಾರಣವಲ್ಲ. ಹಳೆಯ ಕನ್ನಡ ಅಕ್ಷರವಿನ್ಯಾಸ, ಹಳೆಯ ಪೇಜ್‌ಮೇಕರ್, ವರ್ಷಗಳ ಮದುವೆ ಪತ್ರ ಮತ್ತು ಪುಸ್ತಕದ ಪುಟಗಳು ಹೊಸ ಗಣಕದಲ್ಲಿ ತೆರೆದುಕೊಳ್ಳುತ್ತವೋ ಇಲ್ಲವೋ ಎಂಬ ಭಯ. ಅನ್ನ ಕೊಡುವ ಯಂತ್ರವನ್ನು ಯಾರು ಕೆದಕುತ್ತಾರೆ?

2017ರ ಮೇ 12ರಂದು ವಾನ್ನಾಕ್ರೈ ಬಂದಿತು. ಅದು ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ 300 ಡಾಲರ್ ಕೇಳುವ ದರೋಡೆಕೋರ ತಂತ್ರಾಂಶ. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳು ಅದಕ್ಕೆ ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳು ತತ್ತರಿಸಿದವು; ನೆರೆಯ ಆಂಧ್ರಪ್ರದೇಶದ ಪೊಲೀಸರ ಕೆಲವು ಗಣಕಗಳೂ ಬಲಿಯಾದವು. ಆಗ ಬಳಕೆಯಲ್ಲಿದ್ದ ವಿಂಡೋಸ್ ಆವೃತ್ತಿಗಳಿಗೆ ಅದರ ತೇಪೆ ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು ಬಂದಿತ್ತು. ಎಕ್ಸ್‌ಪಿಯವರಿಗೆ ಎಲ್ಲರಿಗೂ ಸಿಗುವಂತೆ ಕೊಟ್ಟಿದ್ದು ದಾಳಿಯ ನಂತರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು.

ಹಾಗೆಂದು ತೇಪೆಯೆಲ್ಲ ನಿರಪಾಯಕಾರಿಯೂ ಅಲ್ಲ. 2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ ಹೊಸ ಆವೃತ್ತಿ ಕೆಲವರ ದಾಖಲೆ, ಚಿತ್ರಗಳನ್ನೇ ಅಳಿಸಿತು. ತಮ್ಮ ಕಡತಗಳ ನೆಲೆಯನ್ನು ಒನ್‌ಡ್ರೈವ್‌ನಂಥ ಬೇರೆ ಜಾಗಕ್ಕೆ ಬದಲಿಸಿಕೊಂಡವರ ಹಳೆಯ ಕೋಶವನ್ನು ಅದು ಬೇಡದ ಪ್ರತಿ ಎಂದು ಭಾವಿಸಿ, ಒಳಗೆ ಉಳಿದಿದ್ದ ಕಡತಗಳ ಸಮೇತ ಗುಡಿಸಿಹಾಕಿತ್ತು. ವಿತರಣೆಯನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಿ, ನವೆಂಬರ್ 13ರಂದು ತಿದ್ದಿ ಬಿಟ್ಟರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ಸಂಸ್ಥೆಯ ದೋಷಪೂರಿತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ಗಣಕಗಳು ಕೆಟ್ಟು ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ಕಾದರು.

ಹಾಗಾದರೆ ದಾರಿ ಯಾವುದು? ಹಂಪಿಯ ಇತಿಹಾಸ ಓದಿದವರಿಗೆ ಇಲ್ಲಿ 1368ರ ಬುಕ್ಕರಾಯನ ಶಾಸನ ನೆನಪಾಗದಿರದು. ವೈಷ್ಣವರಿಂದ ಅನ್ಯಾಯವಾಗುತ್ತಿದೆ ಎಂದು ಜೈನರು ದೂರಿದಾಗ, ಬುಕ್ಕ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡೂ ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದ. ಆದರೆ ಬರಿಯ ಮಾತಿಗೆ ಬಿಡಲಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ, ತಿರುಮಲೆಯ ತಾತಯ್ಯನ ಮೂಲಕ ಬೆಳ್ಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಬೇಕು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲಿ ನೆಡಬೇಕು. ಶ್ರವಣಬೆಳಗೊಳದಲ್ಲೂ ಮಾಗಡಿಯ ಬಳಿಯ ಕಲ್ಯದಲ್ಲೂ ಆ ಕಲ್ಲುಗಳು ಸಿಕ್ಕಿವೆ.

ಕಾವಲು, ವರ್ಷವರ್ಷದ ದುರಸ್ತಿ, ಬೇರೆಬೇರೆ ಊರುಗಳಲ್ಲಿ ಪ್ರತಿ. ಇದಕ್ಕಿಂತ ಹೆಚ್ಚಿನದನ್ನು ಇಂದಿನ ಗಣಕ ತಜ್ಞರೂ ಹೇಳುವುದಿಲ್ಲ. ಒಂದು ಮಾತು ಮುಖ್ಯ: ಬೆಳಗೊಳದ ಕಲ್ಲು ಒಡೆದರೆ ಕಲ್ಯದ ಕಲ್ಲು ತಾನಾಗಿ ಒಡೆಯುವುದಿಲ್ಲ. ನಮ್ಮ ಮೂರು ಗಣಕಗಳಲ್ಲಿ ಇದ್ದದ್ದು ಮೂರು ಪ್ರತಿಗಳಲ್ಲ, ಒಂದೇ ಪ್ರತಿಯ ಮೂರು ನೆರಳು. ಗಣಕಗಳನ್ನು ಸಮಾನವಾಗಿಡುವುದು ಬೇರೆ, ಕಾಪಿಡುವುದು ಬೇರೆ.

ನಮ್ಮ ಚಿತ್ರಗಳಲ್ಲಿ ಅರ್ಧದಷ್ಟು ಕೊನೆಗೆ ಸಿಕ್ಕವು. ಗೆಳೆಯರೊಬ್ಬರು ಹಿಂದೆ ಯಾವಾಗಲೋ ಸಿಡಿಗೆ ಹಾಕಿ ಕಂಪ್ಲಿಯ ಮನೆಯ ಕಪಾಟಿನಲ್ಲಿಟ್ಟು ಮರೆತಿದ್ದರು. ಯಾವ ಗಣಕಕ್ಕೂ ಜೋಡಿಸಿರದಿದ್ದುದೇ ಅದನ್ನು ಉಳಿಸಿತ್ತು. ಉಳಿದರ್ಧ ಹೋಯಿತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಓದುಗರ ಮನೆಯ ಗಣಕಗಳಲ್ಲೂ ಅಜ್ಜನ ಚಿತ್ರ, ಜಮೀನಿನ ಕಾಗದ, ಮಕ್ಕಳ ಅಂಕಪಟ್ಟಿ ಇರಬಹುದು. ಈ ತಿಂಗಳ ತೇಪೆ ಹಾಕಿಸಿಕೊಳ್ಳಿ. ಅದಕ್ಕೂ ಮೊದಲು ಒಂದು ಪ್ರತಿ ತೆಗೆದು, ತಂತಿ ಕಳಚಿ, ಬೇರೆ ಊರಿನ ನೆಂಟರ ಮನೆಯ ಕಪಾಟಿಗೆ ಕಳುಹಿಸಿ.