ಗಾಳಿಯನ್ನೇ ನಂಬಿದ ಇಂಜಿನ್

ಇವತ್ತು ರಾಜಕೀಯ ಬೇಡ. ಒಂದು ಇಂಜಿನ್ ಕಥೆ ಹೇಳ್ತೀನಿ. ಇದು ನಮ್ಮ ಮೈಸೂರು ಸೀಮೆಯ ಚರಿತ್ರೆಯೂ ಹೌದು.

1996ರ ಬೇಸಿಗೆ. ನನಗೆ ಎಂಟು ವರ್ಷ. ಆಗಿನ್ನೂ ಚಾಮರಾಜನಗರ ಜಿಲ್ಲೆ ಆಗಿರಲಿಲ್ಲ. ಅಪ್ಪ ಕೊಳ್ಳೇಗಾಲದಲ್ಲಿ ಶಾಲಾ ಮೇಷ್ಟ್ರು. ಅವರ ಹತ್ತಿರ ಸೆಕೆಂಡ್ ಹ್ಯಾಂಡ್ ಯೆಜ್ಡಿ ಇತ್ತು. ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟರು. ಯಳಂದೂರು ದಾಟಿ, ಗುಂಬಳ್ಳಿ ದಾಟಿ ಘಾಟಿ ಹತ್ತುತ್ತಾ ಇದ್ದೀವಿ. ಒಂದು ತಿರುವಿನಲ್ಲಿ ಇಂಜಿನ್ ಸದ್ದು ಬದಲಾಯಿತು. ಹಿಂದಿನ ಚಕ್ರ ಕಚ್ಚಿಕೊಂಡಿತು. ಅಪ್ಪ ಕ್ಲಚ್ ಹಿಡಿದರು, ಗಾಡಿ ನಿಂತಿತು. ಸುಟ್ಟ ಎಣ್ಣೆ ವಾಸನೆ. ಆಮೇಲೆ ಕಾಡಿನ ನಿಶ್ಶಬ್ದ.

ಅದು ವೀರಪ್ಪನ್ ಹೆಸರು ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ಸಾಲದ್ದಕ್ಕೆ ಆನೆ ಭಯ. ಹೊತ್ತು ಬೇರೆ ಇಳೀತಾ ಇತ್ತು. ಅಪ್ಪ ಗಾಬರಿಯಲ್ಲಿ ನೀರಿನ ಬಾಟಲಿ ತೆಗೆದು ಇಂಜಿನ್ ಮೇಲೆ ಸುರಿಯೋಕೆ ಹೋದರು. ಬೆಟ್ಟದಿಂದ ಇಳಿಯುತ್ತಿದ್ದ ಜೀಪಿನ ಡ್ರೈವರ್ ಅಲ್ಲಿಂದಲೇ ಕೂಗಿದ: "ಸಾ, ನೀರ್ ಉಯ್ಬ್ಯಾಡಿ! ಕಾದಿರೋ ಕಬ್ಬಿಣ, ಸೀಳ್ಕತದೆ!"

ನಾವು ಮುಕ್ಕಾಲು ಗಂಟೆ ಕಾದೆವು. ಇಂಜಿನ್ ತಣ್ಣಗಾದ ಮೇಲೆ ಚಕ್ರ ಬಿಟ್ಟುಕೊಂಡಿತು. ದೇವರ ದರ್ಶನ ಬಿಟ್ಟು, ನ್ಯೂಟ್ರಲ್‌ನಲ್ಲೇ ಇಳಿಜಾರು ಇಳಿದು ಬಂದೆವು.

ಮಾರನೆ ದಿನ ಕೊಳ್ಳೇಗಾಲದ ಮೆಕ್ಯಾನಿಕ್ ಹೆಡ್ ಬಿಚ್ಚಿದರು. ಪಿಸ್ಟನ್ ಪಕ್ಕ ಉಜ್ಜಿ ಹೋಗಿತ್ತು. ಸಿಲಿಂಡರ್ ಗೋಡೆಗೆ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. "ಪೆಟ್ರೋಲಿಗೆ ಆಯಿಲ್ ಎಷ್ಟ್ ಹಾಕ್ಸಿದ್ರಿ ಮೇಷ್ಟ್ರೇ?" ಅಂತ ಕೇಳಿದರು. ಅಪ್ಪ ತಲೆ ತಗ್ಗಿಸಿದರು. ತಿಂಗಳ ಕೊನೆ. ಆಯಿಲ್ ಕಾಸಲ್ಲಿ ಸ್ವಲ್ಪ ಉಳಿಸಿದ್ದರು. "ಎಣ್ಣೆ ಉಳ್ಸಕ್ಕೋಗಿ ಇಂಜಿನ್ ಕಳ್ಕಂಡ್ರಲ್ಲ ಮೇಷ್ಟ್ರೇ" ಅಂದರು ಅವರು. ಬೈಗುಳ ಅಲ್ಲ, ನೋವು.

ಮುಂದೆ ನಾನು ಇಂಜಿನಿಯರಿಂಗ್ ಓದಿದೆ. ಅವತ್ತು ಆಗಿದ್ದೇನು ಅಂತ ಪುಸ್ತಕದಲ್ಲಿ ಗೊತ್ತಾಯಿತು. ಅದು ಗಾಳಿಯಿಂದ ತಣಿಯುವ ಇಂಜಿನ್. ರೇಡಿಯೇಟರ್ ಇಲ್ಲ, ನೀರಿಲ್ಲ. ಸಿಲಿಂಡರ್ ಸುತ್ತ ತೆಳುವಾದ ಫಿನ್‌ಗಳು, ಅವುಗಳ ಮೇಲೆ ಹರಿಯುವ ಗಾಳಿ, ಅಷ್ಟೇ. ಘಾಟಿ ಹತ್ತುವಾಗ ಇಂಜಿನ್‌ಗೆ ಭಾರ ಜಾಸ್ತಿ, ಶಾಖ ಜಾಸ್ತಿ. ಆದರೆ ವೇಗ ಕಮ್ಮಿ, ಹಾಗಾಗಿ ಗಾಳಿಯೂ ಕಮ್ಮಿ. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಸಿಲಿಂಡರ್‌ಗಿಂತ ಹೆಚ್ಚು ಹಿಗ್ಗುತ್ತೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆ ಬೆರೆಸಿದ ಎಣ್ಣೆಯೇ ಪಿಸ್ಟನ್‌ಗೆ ರಕ್ಷಣೆ. ಅದು ಸಾಲದೇ ಇದ್ದರೆ ಪಿಸ್ಟನ್ ಗೋಡೆಗೆ ಕಚ್ಚಿಕೊಳ್ಳುತ್ತೆ. ಇದನ್ನೇ ಇಂಜಿನ್ ಸೀಜ್ ಆಯ್ತು ಅನ್ನೋದು.

ಈ ಇಂಜಿನ್ ನಮ್ಮೂರಿಗೆ ಬಂದಿದ್ದು ಹೇಗೆ? ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿಭಾಗ ಕೊಂಡರು. ಎರಡೂ ಹೆಸರಿನ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯಿತು. ಫಾರೂಕ್ ಇರಾನಿ ಅದನ್ನು ಮೈಸೂರಿಗೆ ತಂದರು. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬಂದವು. ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಕಾರ್ಖಾನೆ ಉದ್ಘಾಟನೆ ಮಾಡಿದ್ದು. 1973ರಿಂದ ಹೆಸರು ಯೆಜ್ಡಿ ಅಂತಾಯಿತು. ಇರಾನಿನ ಯಜ್ದ್ ಊರಿನ ನೆನಪಿಗೆ ಇಟ್ಟ ಹೆಸರು. ಕಿಕ್ಕರ್‌ನ ಮುಂದಕ್ಕೆ ತಳ್ಳಿದರೆ ಅದೇ ಗೇರ್ ಲಿವರ್! ಅದನ್ನು ನೋಡಿದವರು ಮರೆಯಲ್ಲ.

1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಹೊಗೆ ನಿಯಮ ಬಿಗಿಯಾಗಿತ್ತು, ಮೈಲೇಜ್ ಕೊಡುವ ಹೊಸ ಬೈಕುಗಳು ಬಂದಿದ್ದವು. ನಮ್ಮ ಗಾಡಿ ಘಾಟಿಯಲ್ಲಿ ನಿಂತ ವರ್ಷವೇ ಅದರ ತವರುಮನೆಯೂ ಬಾಗಿಲು ಹಾಕಿತು.

ನಮ್ಮ ಮಾಧ್ಯಮದವರ ಚರಿತ್ರೆ ಇಲ್ಲಿಗೆ ಮುಗಿಯುತ್ತೆ. ಉದ್ಘಾಟನೆ ಒಂದು ಸುದ್ದಿ, ಬೀಗ ಹಾಕಿದ್ದು ಇನ್ನೊಂದು ಸುದ್ದಿ. ಆದರೆ ಸ್ವಲ್ಪ ಯೋಚನೆ ಮಾಡಿ. ಬೀಗ ಬಿದ್ದು ಸುಮಾರು ಮೂವತ್ತು ವರ್ಷ ಆದಮೇಲೂ ಆ ಬೈಕುಗಳು ಓಡ್ತಾ ಇವೆಯಲ್ಲ? ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಬೆಂಗಳೂರು, ಮೈಸೂರಲ್ಲಿ ಸಾಲುಗಟ್ಟಿ ಬರ್ತಾವಲ್ಲ? ಕಾರ್ಖಾನೆ ಇಲ್ಲದೆ ಅವನ್ನು ಓಡಿಸಿದವರು ಯಾರು?

ಉತ್ತರಕ್ಕೆ ಒಮ್ಮೆ ದೂರ ಹೋಗಿ ಬರೋಣ. ಹಳೇ ಸಿನಿಮಾಗಳಲ್ಲಿ ಹಿಪ್ಪಿಗಳ ವ್ಯಾನ್ ನೋಡಿರ್ತೀರಿ. ದುಂಡು ಮೂತಿಯ ಫೋಕ್ಸ್‌ವ್ಯಾಗನ್. ಡಚ್ ವ್ಯಾಪಾರಿ ಬೆನ್ ಪಾನ್ 1947ರಲ್ಲಿ ನೋಟ್‌ಬುಕ್ಕಿನಲ್ಲಿ ಗೀಚಿದ ಚಿತ್ರ ಅದು. 1950ರ ಮಾರ್ಚ್‌ನಲ್ಲಿ ತಯಾರಿಕೆ ಶುರುವಾಯಿತು. ಮೊದಲ ವ್ಯಾನಿನ ಶಕ್ತಿ ಬರೀ 25 ಕುದುರೆ. ಅದೂ ಗಾಳಿಯ ಇಂಜಿನ್ನೇ. ಆದರೆ ಇಂಜಿನ್ ಹಿಂದುಗಡೆ ಪೆಟ್ಟಿಗೆಯೊಳಗೆ ಇರೋದರಿಂದ ಎದುರುಗಾಳಿ ಸಿಗಲ್ಲ. ಅದಕ್ಕೇ ಬೆಲ್ಟ್‌ನಿಂದ ತಿರುಗುವ ಫ್ಯಾನ್ ಗಾಳಿ ಊದುತ್ತೆ. ನಮ್ಮ ಹಳೇ ಆಟೋಗಳಲ್ಲೂ ಇದೇ ಉಪಾಯ. ಯುರೋಪಿನ ಹುಡುಗರು ಆ ವ್ಯಾನಿನಲ್ಲಿ ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ಭಾರತಕ್ಕೆ ಬಂದರು. 1979ರಲ್ಲಿ ಇರಾನಿನ ಕ್ರಾಂತಿ ಆಗಿ, ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಆ ದಾರಿ ಮುಚ್ಚಿತು.

ಆ ಇಂಜಿನ್‌ಗೂ ಒಂದು ಕಾಯಿಲೆ ಇತ್ತು. ಆಯಿಲ್ ಕೂಲರ್ ಅಡ್ಡ ಇದ್ದಿದ್ದರಿಂದ ಮೂರನೇ ಸಿಲಿಂಡರ್‌ಗೆ ಬಿಸಿ ಗಾಳಿ ಸಿಗುತ್ತಿತ್ತು, ಅದರ ಎಕ್ಸಾಸ್ಟ್ ವಾಲ್ವ್ ಮೊದಲು ಸುಡುತ್ತಿತ್ತು. 1971ರ ಮಾದರಿ ಹೊತ್ತಿಗೆ ಕಂಪನಿ ಕೂಲರ್ ಜಾಗ ಬದಲಾಯಿಸಿತು. ಅಲ್ಲಿತನಕ ಏನು ದಾರಿ? ಸುಮಾರು 5,000 ಕಿಲೋಮೀಟರಿಗೊಮ್ಮೆ ಎರಡೂವರೆ ಲೀಟರ್ ಆಯಿಲ್ ಬದಲಾಯಿಸಬೇಕು. ಇಂಜಿನ್ ತಣ್ಣಗಿರುವಾಗ ವಾಲ್ವ್ ಸಂದು 0.15 ಮಿಲಿಮೀಟರ್ ಇದೆಯಾ ಅಂತ ನೋಡಬೇಕು. ಇಷ್ಟು ಮಾಡಿದವನ ವ್ಯಾನ್ ಕಾಬೂಲ್ ದಾಟಿತು, ಮಾಡದವನದು ದಾರಿಯಲ್ಲಿ ನಿಂತಿತು. ಅಮೆರಿಕದ ಜಾನ್ ಮ್ಯೂರ್, ವೃತ್ತಿಯಲ್ಲಿ ಇಂಜಿನಿಯರ್ ಆಗಿದ್ದವರು, ಏನೂ ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗೆ 1969ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದರು. ಸಾವಿರಾರು ವ್ಯಾನುಗಳಿಗೆ ಆ ಪುಸ್ತಕವೇ ವೈದ್ಯ.

ನಮ್ಮ ಮೆಕ್ಯಾನಿಕ್‌ಗಳಿಗೆ ಗೊತ್ತಿದ್ದನ್ನು ಕನ್ನಡದಲ್ಲಿ ಯಾರಾದರೂ ಹೀಗೆ ಬರೆದಿಟ್ಟಿದ್ದಾರಾ? ನಾನಂತೂ ನೋಡಿಲ್ಲ.

ಅಪ್ಪನ ಯೆಜ್ಡಿ ಈಗಲೂ ಮನೆಯಲ್ಲಿದೆ. ಕಳೆದ ವರ್ಷ ಅದರ ಇಂಜಿನ್ ಮತ್ತೆ ಬಿಚ್ಚಿಸಿದೆ. ಆ ಹಳೇ ಮೆಕ್ಯಾನಿಕ್ ಈಗಿಲ್ಲ. ಅವರ ಶಿಷ್ಯ ಇದ್ದಾರೆ, ಅವರಿಗೂ ವಯಸ್ಸಾಯಿತು. ನಾನು ಪಕ್ಕದಲ್ಲಿ ಕೂತು ಬರೆದುಕೊಂಡೆ. ಸಿಲಿಂಡರ್ ಬೋರ್ ಮಾಡಿಸೋದು, ಓವರ್‌ಸೈಜ್ ಪಿಸ್ಟನ್ ಕೂರಿಸೋದು, ರಿಂಗ್‌ನ ಬಾಯಿ ಸಂದು ನೋಡೋದು, ಸೈಲೆನ್ಸರ್‌ನ ಮಸಿ ಕೆರೆಯೋದು, ಫಿನ್‌ಗಳ ನಡುವಿನ ಮಣ್ಣು ತೆಗೆಯೋದು. "ಫಿನ್ ಮುಚ್ಕಂಡ್ರೆ ಮೂಗ್ ಮುಚ್ಕಂಡಂಗೆ ಸಾ" ಅಂದರು. ನಾಲ್ಕು ವರ್ಷ ಕಾಲೇಜಲ್ಲಿ ಓದಿದ ಹೀಟ್ ಟ್ರಾನ್ಸ್‌ಫರ್ ಆ ಒಂದು ಮಾತಲ್ಲಿತ್ತು. ಇನ್ನೊಂದು ಹೇಳಿದರು: ಘಾಟಿ ಇಳಿಯುವಾಗಲೂ ಹುಷಾರು, ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ಬರಲ್ಲ, ಅದರ ಜೊತೆಗಿರೋ ಎಣ್ಣೆಯೂ ಬರಲ್ಲ, ಆಗಾಗ ಸ್ವಲ್ಪ ತಿರುಗಿಸಿ. ಇದು ನನ್ನ ಪರೀಕ್ಷೆಗೆ ಬಂದಿರಲಿಲ್ಲ. "ನಿಮ್ ಹತ್ರ ಕಲೀತಿರೋರು ಯಾರಿದ್ದಾರೆ?" ಅಂತ ಕೇಳಿದೆ. ಅವರು ನಕ್ಕು ಸ್ಪ್ಯಾನರ್ ಒರೆಸಿದರು.

ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಾ ಇಲ್ಲ. ಟೂ ಸ್ಟ್ರೋಕ್ ಹೊಗೆ ಕೆಟ್ಟದ್ದೇ. ಬೆಟ್ಟ ಈಗ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿಗೆ ಆ ಹೊಗೆ ಬೇಡ. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು. ಆದರೆ ಆ ಇಂಜಿನ್ ತಣಿಯೋದು ದ್ರವದಿಂದ, ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ. ಇರಲಿ, ಕಾಲ ಬದಲಾಗುತ್ತೆ. ನನ್ನ ಚಿಂತೆ ಇಂಜಿನ್ ಹೋಗೋದಲ್ಲ, ಅದನ್ನು ಬಿಚ್ಚಿ ಜೋಡಿಸುತ್ತಿದ್ದ ಕೈಗಳ ಬುದ್ಧಿ ಹೆಸರಿಲ್ಲದೆ ಹೋಗೋದು.

ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರಿಗೆ ಗೊತ್ತು, ರಂಗನಾಥಸ್ವಾಮಿಗೆ ದೊಡ್ಡ ಚರ್ಮದ ಚಪ್ಪಲಿ ಒಪ್ಪಿಸುತ್ತಾರೆ. ಸ್ವಾಮಿ ಅದನ್ನು ಮೆಟ್ಟಿ ಕಾಡು ಸುತ್ತುತ್ತಾನೆ, ಚಪ್ಪಲಿ ಸವೆಯುತ್ತೆ, ಮತ್ತೆ ಹೊಸ ಜೋಡಿ ಹೊಲಿದು ತರುತ್ತಾರೆ ಅಂತ ನಂಬಿಕೆ. ಭಕ್ತರು ಆ ಚಪ್ಪಲಿಯನ್ನು ತಲೆ ಮೇಲೆ ಇಡಿಸಿಕೊಳ್ಳುತ್ತಾರೆ. ದೇವರ ಚಪ್ಪಲಿಯೂ ಸವೆಯುತ್ತೆ, ಅದನ್ನು ಹೊಲಿಯೋಕೂ ಒಬ್ಬರು ಬೇಕು. ಇದನ್ನು ಒಪ್ಪಿಕೊಂಡ ಊರು ನಮ್ಮದು.

ಹಾಗಾಗಿ ಒಂದು ಕೋರಿಕೆ. ನಿಮ್ಮ ಬೀದಿಯ ಹಳೇ ಮೆಕ್ಯಾನಿಕ್ ಹತ್ತಿರ ಒಂದು ದಿನ ಕೂತ್ಕೊಳ್ಳಿ. ಅವರು ಹೇಳಿದ್ದನ್ನು ಬರ್ಕೊಳ್ಳಿ. ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಆ ಜೀಪ್ ಡ್ರೈವರ್‌ದು: ಕಾದ ಇಂಜಿನ್‌ಗೆ ನೀರು ಸುರಿಯಬೇಡಿ, ಕಾಯಿರಿ. ಎರಡನೆಯದು ಅಪ್ಪನದು. ಎಣ್ಣೆಯಲ್ಲಿ ಕಾಸು ಉಳಿಸಬೇಡಿ.