ಮೈಸೂರು ಜಾವಾ ಮತ್ತು ಅದರ ಪಂದ್ಯದ ಅಣ್ಣ

ನಮ್ಮ ತಂದೆಯವರ ಬಳಿ ಒಂದು ಜಾವಾ ಇತ್ತು. ಮೈಸೂರಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಚಾಮರಾಜನಗರದ ರಸ್ತೆಯಲ್ಲಿ ಅದರ ಸದ್ದು ಕೇಳಿದರೆ ಸಾಕು, ಅಮ್ಮ ಒಲೆಗೆ ಸೌದೆ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯಿತು. 2006ರಲ್ಲಿ ಅದನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟವನು ನಾನೇ. ಬ್ಯಾಂಕಿನಲ್ಲಿ ಕುಳಿತು ಬೇರೆಯವರ ಆಸ್ತಿಗೆ ಬೆಲೆ ಕಟ್ಟುವವನಿಗೆ ತನ್ನ ಮನೆಯ ಆಸ್ತಿ ತಿಳಿಯಲಿಲ್ಲ.

ಜಾವಾದ ಮೂಲ ಚೆಕೊಸ್ಲೊವಾಕಿಯ. 1929ರಲ್ಲಿ ಫ್ರಾಂತಿಶೆಕ್ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲಿನ ತಯಾರಿಕೆಯನ್ನು ಕೈಗೆತ್ತಿಕೊಂಡರು. ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯಿತು. ಇದೇ ಸಂಸ್ಥೆ ಗ್ರಾಂಡ್ ಪ್ರಿ ಪಂದ್ಯಗಳಿಗಾಗಿ ಬೇರೆಯೇ ಯಂತ್ರಗಳನ್ನು ಕಟ್ಟಿತು. 350 ಸಿ.ಸಿ.ಯ ಎರಡು ಸಿಲಿಂಡರಿನ ಫೋರ್ ಸ್ಟ್ರೋಕ್ ಜಾವಾ ಏರಿ ಫ್ರಾಂತಿಶೆಕ್ ಷ್ಟಾಸ್ಟ್ನಿ 1961ರಲ್ಲಿ ಜರ್ಮನಿ ಮತ್ತು ಸ್ವೀಡನ್ನಿನ ಪಂದ್ಯಗಳನ್ನು ಗೆದ್ದರು. ಆ ವರ್ಷದ ವಿಶ್ವ ಪಟ್ಟಿಯಲ್ಲಿ ಎಂ.ವಿ. ಅಗುಸ್ತಾದ ಗ್ಯಾರಿ ಹಾಕಿಂಗ್ ಪ್ರಥಮ, ಷ್ಟಾಸ್ಟ್ನಿ ದ್ವಿತೀಯ, ಜಾವಾದವರೇ ಆದ ಗುಸ್ತಾವ್ ಹಾವೆಲ್ ತೃತೀಯ.

ಮುಂದೆ ಜಾವಾ ನಾಲ್ಕು ಸಿಲಿಂಡರಿನ, ನೀರಿನಿಂದ ತಂಪಾಗುವ ಟೂ ಸ್ಟ್ರೋಕ್ ಯಂತ್ರವನ್ನು ಮಾಡಿತು. ಅದು ಬಹು ವೇಗದ್ದು, ಅಷ್ಟೇ ಅಪಾಯದ್ದು. 1967ರ 125 ಸಿ.ಸಿ. ವಿಶ್ವ ಚಾಂಪಿಯನ್ ಇಂಗ್ಲೆಂಡಿನ ಬಿಲ್ ಐವಿ 1969ರ ಜುಲೈ 12ರಂದು ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗಿನಲ್ಲಿ ಅಭ್ಯಾಸದ ವೇಳೆ ಅದರಿಂದ ಬಿದ್ದು ಪ್ರಾಣ ಬಿಟ್ಟರು.

ಅಣ್ಣ ಯೂರೋಪಿನಲ್ಲಿ ಓಡುತ್ತಿದ್ದ ಕಾಲಕ್ಕೇ ತಮ್ಮ ಮೈಸೂರಿಗೆ ಬಂದಿದ್ದ. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿಯವರ ಐಡಿಯಲ್ ಜಾವಾ ಸಂಸ್ಥೆ 1960ರಲ್ಲಿ ಸ್ಥಾಪನೆಯಾಯಿತು. ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದವರು ಅಂದಿನ ರಾಜ್ಯಪಾಲ ಜಯಚಾಮರಾಜೇಂದ್ರ ಒಡೆಯರು. ಇಲ್ಲಿಯ 250 ಸಿ.ಸಿ. ಗಾಡಿಗೆ ಸಿಲಿಂಡರು ಒಂದೇ, ಹೊಗೆ ಕೊಳವೆ ಎರಡು. ಗೇರಿನ ಸನ್ನೆಯನ್ನೇ ಹಿಂದಕ್ಕೆ ಮಗುಚಿ ಒದ್ದರೆ ಎಂಜಿನು ಎದ್ದುಕೊಳ್ಳುತ್ತಿತ್ತು. 1973ರಿಂದ ಗಾಡಿಗೆ ‘ಯೆಜ್ಡಿ’ ಎಂದು ಹೆಸರಾಯಿತು. ಅದು ಇರಾನಿನ ಯಜ್ದ್ ಪಟ್ಟಣದ ನೆನಪು. ಕಡಿಮೆ ಪೆಟ್ರೋಲ್ ಕುಡಿಯುವ ಫೋರ್ ಸ್ಟ್ರೋಕ್ ಗಾಡಿಗಳು ಬಂದ ಮೇಲೆ ಅದಕ್ಕೆ ಕಷ್ಟಕಾಲ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದರೂ ಗಾಡಿ ತಯಾರಾದದ್ದು ಮೈಸೂರಿನಲ್ಲಲ್ಲ.

ಹಳೆಯ ಪಂದ್ಯದ ಗಾಡಿಯನ್ನು ಮತ್ತೆ ಓಡುವಂತೆ ಮಾಡುವುದು ಸುಲಭವಲ್ಲ. ಅಂಥವನ್ನು ಕಾರ್ಖಾನೆ ಬೆರಳೆಣಿಕೆಯಷ್ಟೇ ಕಟ್ಟಿತು. ಅಂಗಡಿಯಲ್ಲಿ ಬಿಡಿಭಾಗ ದೊರೆಯದು. ಹಳೆಯ ಚಿತ್ರ, ನಕ್ಷೆ ನೋಡಿ ಒಂದೊಂದನ್ನೂ ಕೈಯಲ್ಲೇ ಮಾಡಬೇಕು. ಎಲ್ಲವನ್ನೂ ಹೊಸದಾಗಿ ಹಾಕಿದರೆ ಗಾಡಿ ಹೊಳೆಯುತ್ತದೆ, ಆದರೆ ಅದು ಆ ಗಾಡಿಯಾಗಿ ಉಳಿಯುವುದಿಲ್ಲ. ಆದ್ದರಿಂದ ಬಲ್ಲವರು ಮೂಲದ್ದನ್ನು ಸಾಧ್ಯವಾದಷ್ಟು ಉಳಿಸಿ, ಸವೆದದ್ದನ್ನಷ್ಟೇ ಬದಲಿಸುತ್ತಾರೆ. ನಮ್ಮ ಮೈಸೂರು ಜಾವಾಕ್ಕೆ ಈ ಕಷ್ಟ ಅಷ್ಟಿಲ್ಲ. ಸಾವಿರಾರು ಗಾಡಿಗಳು ತಯಾರಾದ್ದರಿಂದ ಬಿಡಿಭಾಗ ಹುಡುಕಿದರೆ ಸಿಗುತ್ತವೆ. ಸಿಗದಿರುವುದು ಅದರ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿ. ಅಂಥವರಿಗೆ ವಯಸ್ಸಾಗುತ್ತಿದೆ.

ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ನಿಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿಯ ಮನೆಗಳಲ್ಲಿ ಭಾಷೆಯೂ ಹಳೆಯ ಗಾಡಿಯಂತೆಯೇ. ಕೊಟ್ಟಿಗೆಯಲ್ಲಿ ನಿಲ್ಲಿಸಿ ಪೂಜಿಸಿದರೆ ತುಕ್ಕು ಹಿಡಿಯುತ್ತದೆ, ದಿನವೂ ಓಡಿಸಿದರೆ ಉಳಿಯುತ್ತದೆ.

ತಂದೆಯವರ ಗಾಡಿಯದೆಂದು ನನ್ನಲ್ಲಿ ಉಳಿದಿರುವುದು ಆರ್.ಸಿ. ಪುಸ್ತಕ ಒಂದೇ. ಎಂಜಿನ್ ನಂಬರು, ಚಾಸಿ ನಂಬರು ಅದರಲ್ಲಿ ಸ್ಪಷ್ಟವಾಗಿವೆ; ಗಾಡಿ ಮಾತ್ರ ಇಲ್ಲ. ನಿಮ್ಮ ಮನೆಯ ಮೂಲೆಯಲ್ಲಿ ಅಂಥದೊಂದು ನಿಂತಿದ್ದರೆ, ಗುಜರಿಯವನು ಬಾಗಿಲಿಗೆ ಬರುವ ಮುನ್ನ ಒಮ್ಮೆ ಒದ್ದು ನೋಡಿ.